ಬೆಲ್ಲ ತಿನ್ನುವ ಬಾನಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತೊಕುಶಿಮಾದ ಹೊಳೆದಂಡೆಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಮನೆಯೊಳಗೆ ಸುಲಾಸ್ತ್ರಿ ಮಂಡಿಯೂರಿ, ನೆಲದಲ್ಲಿ ಹೂತ ಬಾನಿಯ ಮುಚ್ಚಳ ಸರಿಸುತ್ತಾರೆ. ಮಳೆ ಹಿಡಿದಾಗಿನಿಂದ ಸತ್ತಂತೆ ಬಿದ್ದಿದ್ದ ನೀಲಿ ಬಣ್ಣದ ನೀರಿನ ಮೇಲೆ ಇವತ್ತು ಅಂಗೈಯಗಲ ನೊರೆ!

"ರೀ, ಎದ್ದಿದೆ! ಬೇಗ ಬನ್ನಿ!"

ಒಲೆ ಪಕ್ಕ ತೂಕಡಿಸುತ್ತಿದ್ದ ಗಂಡ ವಾರ್ಸಿತೊ ಬರಿಗಾಲಲ್ಲೇ ಓಡಿ ಬಂದು, ನೊರೆ ನೋಡಿ, ಗೋಡೆಗೊರಗಿ ಕೂತುಬಿಡುತ್ತಾರೆ. ಎಲೆ ಕೊಳೆಸಿ ಹುಳಿ ಬರಿಸಿದ ನೀಲಿಗೂ ಜೀವವಿದೆ, ನೊರೆಯೇ ಅದರ ಗುರುತು; ಅದಕ್ಕೆ ಹೊತ್ತುಹೊತ್ತಿಗೆ ಉಣಿಸಬೇಕು. ಈ ಊರಿನವರು ಉಣಿಸುವುದು ಅಕ್ಕಿ ಹೆಂಡ. ಜಾವಾದ ಕಡಲ ಕರೆಯಿಂದ ಬಂದ ಈ ಮುಸ್ಲಿಂ ದಂಪತಿ ಹೆಂಡ ಮುಟ್ಟುವವರಲ್ಲ. ತಮ್ಮೂರಿನಂತೆ ತಾಳೆ ಬೆಲ್ಲ ಕರಗಿಸಿ ಹೊಯ್ಯುತ್ತಾರೆ. ಮಂಡಿನೋವಿಗೆ ಸೋತು ಬಾನಿಯನ್ನು ಇವರ ಕೈಗಿಟ್ಟ ಫುಸಾಎ ಅಜ್ಜಿ ಗೊಣಗುತ್ತಲೇ ಒಪ್ಪಿಕೊಂಡಿದ್ದರು.

ಬಾನಿ ಮಲಗಿದ್ದೇ ತಡ, ಓಣಿ ಬಾಯಿಬಿಟ್ಟಿತು. "ಪರದೇಶದ ಬೆಲ್ಲ ತಿಂದ್ರೆ ಇನ್ನೇನಾಗುತ್ತೆ?" ಇವತ್ತು ನೀಲಿ ಏಳದಿದ್ದರೆ ಹಬ್ಬದ ಮೇಲಂಗಿಗಳನ್ನು ಬಣ್ಣಕ್ಕೆ ಬೇರೆ ಊರಿಗೆ ಕೊಡುವುದಾಗಿ, ಊರಹಬ್ಬದಲ್ಲಿ ಬೀದಿ ತುಂಬ ಕುಣಿಯುವ ತಂಡದ ಯಜಮಾನರೂ ಹೇಳಿಬಿಟ್ಟರು. ಹಾಗಾದರೆ ಬಾನಿಯೂ ಕೈತಪ್ಪಿದಂತೆಯೇ.

ಬಂದ ಹೊಸದರಲ್ಲಿ ಇಬ್ಬರೂ ಮೀನಿನ ಕಾರ್ಖಾನೆಯಲ್ಲಿ ದುಡಿಯುತ್ತ, ರಜೆ ಸಿಕ್ಕಾಗ ಬಟ್ಟೆಯ ಮೇಲೆ ಬಿಸಿ ಮೇಣದಲ್ಲಿ ಚಿತ್ತಾರ ಬರೆಯುತ್ತಿದ್ದರು; ಮೇಣವಿದ್ದಲ್ಲಿ ಬಣ್ಣ ಹತ್ತದೆ ಚಿತ್ತಾರ ಬೆಳ್ಳಗೆ ಉಳಿಯುತ್ತದೆ. ಈ ಊರಿನ ಹಳೆಯ ಅಲೆಯ ಚಿತ್ತಾರಗಳ ನಡುವೆ ಸುಲಾಸ್ತ್ರಿ ತಮ್ಮೂರಿನ ಮಲ್ಲಿಗೆ ಬಳ್ಳಿ ಹಬ್ಬಿಸಿದಾಗ ಜನ ನಕ್ಕರು. "ಸಮುದ್ರದಲ್ಲಿ ಹೂವೇನಮ್ಮಾ?" ಈಗ ಸಿಹಿತಿಂಡಿ ಅಂಗಡಿಯ ಪರದೆಯಲ್ಲೂ, ಮದುವೆ ಉಡುಗೊರೆ ಸುತ್ತುವ ಬಟ್ಟೆಯಲ್ಲೂ ಅದೇ ಬಳ್ಳಿ. ಅಕ್ಕಿಹಿಟ್ಟಿನ ಅಂಟಿನಲ್ಲೇ ಚಿತ್ತಾರ ಬಿಡಿಸುತ್ತಿದ್ದ ಪಕ್ಕದ ಬೀದಿಯವರೂ ಮೇಣ ಕಾಯಿಸುವುದನ್ನು ಕಲಿತಿದ್ದಾರೆ. ಬಳ್ಳಿ ಎಲ್ಲಿಂದ ಬಂತೆಂದು ಮಾತ್ರ ಯಾರೂ ಕೇಳುವುದಿಲ್ಲ.

ಕೋಲೂರಿಕೊಂಡು ಬಂದ ಫುಸಾಎ ಅಜ್ಜಿ ಬಾನಿಗೆ ಬೆರಳದ್ದಿ ನೆಕ್ಕುತ್ತಾರೆ. ಗಂಡಹೆಂಡಿರಿಬ್ಬರೂ ಅವರ ಮುಖವನ್ನೇ ನೋಡುತ್ತಾರೆ.

"ನಾಲಿಗೆ ಚುರುಗುಡ್ತಿದೆ. ಗಟ್ಟಿಮುಟ್ಟಾಗಿದೆ ಕಣೇ! ಮಳೆ ಚಳಿಗೆ ಮುದುರ್ಕೊಂಡಿತ್ತು ಅಷ್ಟೆ."

ಸುಲಾಸ್ತ್ರಿ ಸೆರಗಿನಂಥ ತಲೆವಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ವಾರ್ಸಿತೊ ಅವರ ಕಣ್ಣು ಅಜ್ಜಿಯ ಚೀಲದ ಮೇಲೆ ಬೀಳುತ್ತದೆ. "ಅಜ್ಜಿ, ಅದೇನು ಬಾಟ್ಲಿ?"

"ಹೆಂಡ. ಏಳದಿದ್ರೆ ನಿಮ್ಮ ಕಣ್ತಪ್ಪಿಸಿ ಸುರಿಯೋಣ ಅಂತ ತಂದೆ. ಈಗ ನಾನೇ ಕುಡೀತೀನಿ ಬಿಡು. ನಿಮ್ಮ ಬಾನಿ ಬೆಲ್ಲಾನೇ ತಿನ್ಲಿ."

ಇಷ್ಟು ವರ್ಷ ಅಜ್ಜಿಯ ಬಾಯಲ್ಲಿ ಅದು "ನನ್ನ ಬಾನಿ" ಆಗಿತ್ತು. ಸುಲಾಸ್ತ್ರಿ, ಬೆನ್ನಿಗೆ ಮೇಣದ ಮಲ್ಲಿಗೆ ಬಳ್ಳಿ ಬರೆದಿಟ್ಟ ಮೊದಲ ಮೇಲಂಗಿಯನ್ನು ನೀಲಿಯೊಳಗೆ ಮುಳುಗಿಸುತ್ತಾರೆ. ಆಮೇಲೆ ನಗುತ್ತ ಅನ್ನುತ್ತಾರೆ: "ಹಬ್ಬದ ಸಂಜೆ ದಾರಿ ಬದಿ ನಿಂತ್ಕೋತೀನಿ. ಕುಣಿಯೋರ ಬೆನ್ನ ಮೇಲೆ ನಮ್ಮೂರ ಮಲ್ಲಿಗೆ ಹೋಗೋದನ್ನ ನೋಡಿದ್ರೆ ಸಾಕು ನಂಗೆ."