ಅಮಾಸಿಗೊಮ್ಮೆ ತೊಳದ ಟರ್ಬೊ

ಗಂಡಸರು ಗಾಡಿ ತೊಳಿಯೋದು ನೋಡಿದ್ರ ನನಗ ಈಗೂ ಹೇಸಿಗಿ ಬರ್ತದ. ಹಿಂಗಂದ್ರ ನೀವು ನಗ್ತೀರಿ. ನಗ್ರಿ.

ನಾವು ಆಗ ಭೀಮರಾಯನಗುಡಿ ನೀರಾವರಿ ಕ್ಯಾಂಪಿನ್ಯಾಗ ಇರ್ತಿದ್ವಿ. ನಮ್ಮನಿಯವರಿಗೆ ಅಲ್ಲೇ ಆಫೀಸಿನ್ಯಾಗ ನೌಕರಿ, ನನಗ ಸುರಪುರದ ಕಡಿ ದೇವಾಪುರ ಸಾಲ್ಯಾಗ. ದಿನಾ ಮೊದಲ ಬಸ್ಸು, ಆಮ್ಯಾಲ ಟಂಟಂ ಆಟೋ. ಟಂಟಂದಾಗ ಗೊಬ್ಬರದ ಚೀಲದ ಮ್ಯಾಲ ಕುಂದರಬೇಕು. ಎದುರಿಗೆ ಕುಂತಾವ ತನ್ನ ಮೊಣಕಾಲು ನನ್ನ ಮೊಣಕಾಲಿಗೆ ಒತ್ತಿ, ಏನೂ ಗೊತ್ತಿಲ್ಲದವರಂಗ ಹೊರಗ ಭತ್ತದ ಗದ್ದಿ ನೋಡ್ಕೋತ ಕುಂದ್ರಾಂವ. ಥೂ! ಸಾಕಾಗಿ ನನ್ನ ಪಗಾರದಾಗ, ನನ್ನ ಹೆಸರಿಲೇ, ಒಂದು ಹಳೆ ಡೀಸೆಲ್ ಕಾರು ತಗೊಂಡೆ. ಹೊಡಿಯೋದೂ ಕಲತೆ. ಒಂದಿಷ್ಟು ದಿನ ರಾಣಿ ಹಂಗ ಹೋಗಿ ಬಂದೆ.

ಆಮ್ಯಾಲ ಗಾಡಿ ಎಳಿಯೋದು ಬಿಡ್ತು. ಕೆನಾಲ್ ದಂಡಿ ಏರು ಬಂತಂದ್ರ ದಮ್ಮು ಹತ್ತಿದ ಮುದುಕಿ ಹಂಗ ನಿಂತು ನಿಂತು ಹತ್ತೋದು. ಹಿಂದ ಟ್ರ್ಯಾಕ್ಟರಿನವರು ಹಾರ್ನ್ ಹೊಡದು ಹೊಡದು ಬೈಯೋರು.

"ಹೆಣ್ಮಕ್ಕಳ ಕೈಯಾಗ ಸಿಕ್ಕ ಗಾಡಿ ಹಿಂಗs ಆಗ್ತದ" ಅಂದ್ರು ನಮ್ಮನಿಯವರು. "ನಿನಗ ಗೇರ್ ಹಾಕಾಕs ಬರಂಗಿಲ್ಲ. ಮಾಮಾ ಕೇಳಾಕತ್ತಾರ, ಕೊಟ್ಟುಬಿಡಾಮು. ನೀ ಮೊದಲಿನಂಗ ಬಸ್ಸಿಗೆ ಹೋಗು."

ಮಾಮಾ ಅಂದ್ರ ಅವರಕ್ಕನ ಗಂಡ, ಯಾದಗಿರಿಯವರು. ಐತವಾರ ಬಂದು ಒಯ್ಯೋದಂತ ಇಬ್ಬರೂ ಫೋನಿನ್ಯಾಗs ಮಾತು ಮುಗಿಸಿದ್ರು. ನನ್ನ ಗಾಡಿ, ನನ್ನನ್ನ ಒಂದು ಮಾತು ಕೇಳಲಿಲ್ಲ. "ಮೊದಲ ಶಹಾಪುರದಾಗ ಮಿಸ್ತ್ರಿಗೆ ತೋರಸಾಮು. ತಪ್ಪು ನನ್ನ ಕೈದಂತ ಆತಂದ್ರ ಒಯ್ಯಲಿ" ಅಂದೆ. "ಆಗ್ಲೇಳು" ಅಂದ್ರು.

ಮಿಸ್ತ್ರಿ ಬಾಯಿ ತುಂಬ ಗುಟಕಾ ಇಟ್ಕೊಂಡು ಬಾನೆಟ್ ಎತ್ತಿದ. "ಸಾಹೇಬ್ರ, ಟರ್ಬೊ ಹೋಗ್ಯದ, ಹೊಸಾದs ಹಾಕ್ಬೇಕು" ಅಂದ. ನಾ ಏನು ಕೇಳಿದ್ರೂ ನಮ್ಮನಿಯವರ ಮಾರಿ ನೋಡಿ ಉತ್ತರ ಕೊಡಾಂವ. ನಾ ಮೊಬೈಲಿನ್ಯಾಗ ನೋಡಿ ಒಂದಿಷ್ಟು ತಿಳಕೊಂಡು ಹೋಗಿದ್ದೆ. ಟರ್ಬೊ ಅಂದ್ರ ಹೊಗಿ ಹೊಡ್ತಕ್ಕ ತಿರುಗಿ ಇಂಜಿನ್ನಿಗೆ ಗಾಳಿ ಊದೋ ಪಂಕಾ. ಹೊಗಿ ಹೆಚ್ಚಾದ್ರ ಬ್ಯಾರೆ ಕಡಿ ಬಿಡಾಕ ಅದಕ್ಕೊಂದು ಸಣ್ಣ ಬಾಗಲಾ, ಅದs ವೇಸ್ಟ್‌ಗೇಟ್. ಬಾಗಲಾ ತೆರಕೊಂಡs ಸಿಕ್ಕೊಂಡುಬಿಟ್ರ ಹೊಗಿ ಎಲ್ಲಾ ಅಲ್ಲಿಂದs ಹೋಗ್ತದ, ಪಂಕಾ ತಿರಗಂಗಿಲ್ಲ, ಗಾಡಿ ಎಳಿಯಂಗಿಲ್ಲ.

"ಚಾಲೂ ಮಾಡಿದ ಕೂಡ್ಲೆ ಬಾಗಲಾ ಎಳಿಯೋ ಈ ಕಡ್ಡಿ ಸರೀಬೇಕಲ್ಲ? ಸರೀವಲ್ದು ನೋಡ್ರಿ" ಅಂದೆ. ಮಿಸ್ತ್ರಿ ಗೊಣಗಕೋತ ಮ್ಯಾಲಿನ ತಗಡು ಬಿಚ್ಚಿದ.

ಯವ್ವಾ! ಬಾಗಲದ ಕಡ್ಡಿ ಸುತ್ತ ಕರ್ರಗ, ಜಿಗಟ, ಸೀದ ಬೆಲ್ಲದ ಪಾಕದಂಗ ಏನೋ ಗಟ್ಟಿಯಾಗಿ ಕುಂತಿತ್ತು. ಸ್ಕ್ರೂಡ್ರೈವರಿಲೇ ಕೆರದಂಗ ಕೆನಾಲಿನ ರಾಡಿ ಬಂತು, ಸುಟ್ಟ ಆಯಿಲ್ ಬಂತು, ಕುಂಕುಮ ಬಂತು, ಕೊಳತ ಕೊಬ್ಬರಿ ಚೂರೂ ಬಂತು. ನಾತಕ್ಕ ನಾ ಸೆರಗು ಮೂಗಿಗೆ ಹಿಡದೆ.

"ಯಾರ್ರಿ ಇದನ್ನ ತೊಳಿಯೋರು?" ಅಂದ ಮಿಸ್ತ್ರಿ.

ಯಾರು ಅಂದ್ರ! ಅಮಾಸಿಗೊಮ್ಮೆ ನಮ್ಮನಿಯವರು ಗಾಡಿ ಕೆನಾಲಿಗೆ ಒಯ್ಯೋರು. ಇಂಜಿನ್ ಕಾದಿರಲಿ ಬಿಡಲಿ, ಬಾನೆಟ್ ಎತ್ತಿ ಬಕೆಟ್ಟಿಲೇ ನೀರು ಉಗ್ಗೋರು. ಮಿರಿಮಿರಿ ಮಿಂಚಲಿ ಅಂತ ಗ್ಯಾರೇಜಿನ ಹಳೆ ಆಯಿಲ್ ಬಳಿಯೋರು. ಆಮ್ಯಾಲ ಕುಂಕುಮ, ಇಂಜಿನ್ ಮ್ಯಾಲs ಕಾಯಿ. ಬ್ಯಾಡ್ರಿ ಅಂದ್ರ "ನಿನಗೇನು ತಿಳೀತದ" ಅನ್ನೋರು. ಅದs ಮನಶ್ಯಾ ಈಗ ನನ್ನ ಮುಂದs, ಮಾರಿ ಆ ಕಡಿ ಮಾಡಿ, "ಸರ್ವೀಸಿನವರು ಯಾರೋ ತೊಳೀತಾರ" ಅಂದ್ರು. ಛೀ! ಇಂಥಾ ಸುಳ್ಳಿಗೆ ನಾಲಿಗಿ ಹೆಂಗ ಹೊಳ್ಳೀತು?

ಮಿಸ್ತ್ರಿ ಜಂಗು ಬಿಡಸೋ ಔಷಧ ಹೊಡದು, ಪಕ್ಕಡಿಲೇ ಕಡ್ಡಿ ಹಿಡದು ಹಿಂದಮುಂದ ಎಳದ, ಬ್ರಶ್ ಹಾಕಿ ತಿಕ್ಕಿದ. ಬಾಳ ಹೊತ್ತಿಗೆ ಸಡಲಾತು. ಚಾಲೂ ಮಾಡಿದ್ರ ಕಡ್ಡಿ ತಾನs ಸರೀತು. "ಇಂಜಿನ್ ಚೊಲೊ ಅದ, ಗೇರೂ ಚೊಲೊ ಅದ" ಅಂದ. ಅದೂ ಅವರಿಗೇ ಹೇಳಿದ.

ವಾಪಸ್ ಬರಾಗ ನಾನs ಹೊಡದೆ. ಕೆನಾಲ್ ಏರು ಮೂರನೇ ಗೇರಿನ್ಯಾಗ ಸರ್ರಂತ ಹತ್ತಿತು. ನನಗ ಖುಷಿಗೆ ಕಣ್ಣಾಗ ನೀರು ಬಂದುವು. ಬಾಜೂಕ ಅವರು ಫೋನ್ ಹಚ್ಚಿದ್ರು.

"ಮಾಮಾ, ರಿಪೇರಿ ಆತ್ ನೋಡ್ರಿ. ಏನಿಲ್ಲ, ಸಣ್ಣ ಕಸ ಸಿಕ್ಕಿತ್ತು. ಈಗ ಭಾರಿ ಎಳೀತದ. ಐತವಾರ ಬಂದು ಒಯ್ರಿ."

ದಂಡಿಗೆ ಗಾಡಿ ನಿಂದರಸಿದೆ. "ಇಳೀರಿ" ಅಂದೆ.

"ಯಾಕ? ಏನಾತು?"

"ನಿಮ್ಮ ಬಾಜೂಕ ಕುಂದ್ರಾಕ ನನಗ ಹೇಸಿಗಿ ಬರಾಕತ್ತದ. ಇಳೀರಿ."

"ಹುಚ್ಚು ಹಿಡದದೇನು ನಿನಗ?" ಅಂತ ನಕ್ಕು ಇಳದ್ರು, ನನಗ ಬುದ್ಧಿ ಹೇಳಾಕ. ಅವರು ಸುತ್ತು ಹಾಕಿ ನನ್ನ ಕಿಡಕಿಗೆ ಬರೋದ್ರಾಗ ನಾ ಗಾಡಿ ಬಿಟ್ಟಿದ್ದೆ.

ಐತವಾರ ಮಾಮಾ ಬಂದ್ರು. ಚಾ ಮಾಡಿ ಕೊಟ್ಟೆ. ಕುಡದು, ಯಾದಗಿರಿ ಬಸ್ಸು ಹತ್ತಿ ಹೋದ್ರು.