ಆರು ವಾರದ ಚಪಾತಿ

ಖಾನಾಪುರದ ನನ್ನ ತವರಿನಲ್ಲಿ ಊಟವೆಂದರೆ ಅನ್ನ. ಗೋಧಿ ಮನೆಗೆ ಬರುತ್ತಿದ್ದುದು ಹಬ್ಬದ ಹೋಳಿಗೆಗೆ ಮಾತ್ರ. ಮದುವೆಯಾಗಿ ಬೆಳಗಾವಿಯ ಶಿವಬಸವ ನಗರಕ್ಕೆ ಬಂದರೆ ಇಲ್ಲಿ ಎರಡು ಹೊತ್ತೂ ಚಪಾತಿ. ಅನ್ನ ಕೊನೆಗೊಂದು ಮುಷ್ಟಿ. ವರ್ಷ ತುಂಬುವುದರೊಳಗೆ ಹೊಟ್ಟೆಯುಬ್ಬರ, ಭೇದಿ ಶುರುವಾಗಿ, ಬಳೆಗಳು ಮೊಣಕೈವರೆಗೆ ಜಾರುವಷ್ಟು ಸೊರಗಿದೆ. ತವರಿಗೆ ಹೋದರೆ ಹದಿನೈದು ದಿನದಲ್ಲಿ ಆರಾಮ.

ಅತ್ತೆಗೆ ಇಷ್ಟು ಸಾಕಾಯಿತು. “ತವರಿಗಿ ಹೊಂಟ ರೈಲು ದೇಸೂರ ದಾಟೂದ್ರಾಗ ಇಕಿ ಹೊಟ್ಟಿನೋವು ಹೋಗಿರತೈತಿ,” ಎಂದು ಬಂದವರ ಮುಂದೆಲ್ಲ ಹೇಳಿದರು. ನನ್ನ ಚಪಾತಿ ಒಂದು ದಿನವೂ ದುಂಡಗೆ ಬರುತ್ತಿರಲಿಲ್ಲವಾದ್ದರಿಂದ ಗಾದೆಯೂ ಸಿದ್ಧವಿತ್ತು: “ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ.” ಗಂಡ ನಕ್ಕು ಸುಮ್ಮನಾಗುತ್ತಿದ್ದರು. ಅತ್ತೆಯ ಗಾದೆಗಿಂತ ಆ ನಗು ನನಗೆ ಹೆಚ್ಚು ಚುಚ್ಚುತ್ತಿತ್ತು.

ಎಂಬತ್ತರ ದಶಕದ ಮೊದಲಲ್ಲಿ, ಮದುವೆಯಾಗಿ ಆರು ವರ್ಷವಾದಾಗ, ನಾವು ಮೂವರೂ ದಂಡಿನ ಪ್ರದೇಶವಾದ ಕ್ಯಾಂಪಿನ ಒಬ್ಬ ವಯಸ್ಸಾದ ಡಾಕ್ಟರ ಬಳಿ ಹೋದೆವು. ಅವರು ಮಿಲಿಟರಿಯಲ್ಲಿದ್ದು ಪಂಜಾಬಿನ ಕಡೆ ಕೆಲಸ ಮಾಡಿ ಬಂದವರು. ನನ್ನ ಮಾತು ಪೂರ್ತಿ ಕೇಳಿ, ಅಲ್ಲಿ ಕಂಡಂಥದೇ, ಗೋಧಿಯೇ ಕರುಳಿಗೆ ಆಗಿಬರದ ಕಾಯಿಲೆ ಇರಬಹುದು ಎಂದರು. ಖಚಿತವಾಗಬೇಕಾದರೆ ದೊಡ್ಡ ಆಸ್ಪತ್ರೆಯಲ್ಲಿ ಕರುಳಿನ ಒಂದು ಚೂರು ತೆಗೆದು ನೋಡಬೇಕು. ಆದರೆ ನಾನು ಆಗಷ್ಟೇ ಮೂರು ತಿಂಗಳು ತವರಿನ ಅನ್ನ ಉಂಡು ಬಂದಿದ್ದೆ. ವಾಸಿಯಾದ ಕರುಳಿನಲ್ಲಿ ಏನೂ ಕಾಣುವುದಿಲ್ಲವಂತೆ. ಪರೀಕ್ಷೆಗೆ ಮೊದಲು ಆರು ವಾರ, ದಿನಾ ನಾಲ್ಕು ಚಪಾತಿ ತಿನ್ನಲೇಬೇಕು, ತವರಿಗೆ ಹೋಗಕೂಡದು.

“ನಾ ತಿನಸ್ತೀನ್ರಿ, ನೀವು ಕಾಳಜಿ ಬಿಡ್ರಿ,” ಎಂದು ಅತ್ತೆ ಭಾರಿ ಉತ್ಸಾಹದಿಂದ ಹೊಣೆ ಹೊತ್ತರು.

ನಾನೂ ಒಪ್ಪಿದೆ. ನನಗೆ ಔಷಧಿಗಿಂತ ಹೆಚ್ಚಾಗಿ ಬೇಕಾಗಿದ್ದುದು ಒಂದು ಕಾಗದ: ಈ ಹುಡುಗಿ ನಾಟಕ ಮಾಡುತ್ತಿಲ್ಲ ಎಂದು ಹೇಳುವ ಕಾಗದ.

ಗಂಡಸರ ಊಟವಾದ ಮೇಲೆ ಅಡುಗೆಮನೆಯಲ್ಲಿ ನಾವಿಬ್ಬರೇ ಕೂರುತ್ತಿದ್ದೆವು. ಅತ್ತೆ ಎದುರಿಗೆ ಕುಳಿತು ನಾಲ್ಕನೆಯ ಚಪಾತಿ ಮುಗಿಯುವವರೆಗೆ ಪಹರೆ ಕಾಯುತ್ತಿದ್ದರು. ಆಮೇಲೆ ಕ್ಯಾಲೆಂಡರಿನಲ್ಲಿ ಒಂದು ಗೀಟು. ಒಂದು ವಾರವಾಗುವಷ್ಟರಲ್ಲಿ ನಾನು ಗೋಡೆ ಹಿಡಿದು ನಡೆಯುವಂತಾದೆ. ಮೂರನೆಯ ವಾರದ ಮೊದಲ ದಿನ ನನ್ನ ತಟ್ಟೆಗೆ ಜೋಳದ ರೊಟ್ಟಿ ಬಿತ್ತು. ಅತ್ತೆ ಎದ್ದುಹೋಗಿ ಕ್ಯಾಲೆಂಡರಿನಲ್ಲಿ ಎಂದಿನಂತೆ ಗೀಟು ಎಳೆದರು.

ಕಾಗದಕ್ಕೆ ಹಂಬಲಿಸಿದವಳು ನಾನೇ. ಆದರೂ ಬಾಯಿ ಮುಚ್ಚಿಕೊಂಡು ತಿಂದೆ. ಸತ್ಯ ಹೇಳಬೇಕೆಂದರೆ, ಹೊಟ್ಟೆ ತಣ್ಣಗಾದ ಸುಖದ ಮುಂದೆ ಕಾಗದ ನೆನಪಿಗೇ ಬರಲಿಲ್ಲ. ಹೀಗೆ ನಾಲ್ಕು ವಾರ ಕಳೆಯಿತು.

ಪರೀಕ್ಷೆಯ ಹಿಂದಿನ ದಿನ ಡಾಕ್ಟರು ಕೇಳಿದರು: “ದಿನಾ ಚಪಾತಿ ತಿಂದಾಳೇನ್ರಿ?”

ನಾನು ನೆಲ ನೋಡಿದೆ. ಅತ್ತೆ ಸೆರಗು ಸರಿಮಾಡಿಕೊಂಡರು. “ಎರಡ ವಾರ ತಿನಿಸೀನ್ರಿ. ಆಮ್ಯಾಲೆ ನನ್ನ ಕೈಲೆ ಆಗಲಿಲ್ಲ.”

ಡಾಕ್ಟರು ಬೈಯುತ್ತಾರೆಂದುಕೊಂಡಿದ್ದೆ. “ಬಿಟ್ಟ ಮ್ಯಾಲೆ ಹೊಟ್ಟಿ ಹ್ಯಾಂಗಿತ್ತು?” ಎಂದರು.

“ಆರಾಮ ಆತ್ರಿ.”

“ಹಂಗಾರ ಅರ್ಧ ಪರೀಕ್ಷಾ ನೀವ ಮಾಡೀರಿ. ಉಳಿದರ್ಧಕ್ಕ ಮತ್ತ ಆರು ವಾರ ಬೇಕು.”

ಈ ಸಲ ಬಡಿಸುವ ಕೆಲಸ ಗಂಡನ ಪಾಲಿಗೆ ಬಂತು. ಹುಟ್ಟಿದಾಗಿನಿಂದ ನೀರಿನ ತಂಬಿಗೆಯನ್ನೂ ಎತ್ತಿಕೊಡದ ಮನುಷ್ಯ, ದಿನಾ ನಾಲ್ಕು ಚಪಾತಿ ತಂದು ಹಾಕಿ, ನಾನು ನುಂಗುವುದನ್ನು ನೋಡಬೇಕಾಯಿತು. ಎರಡನೆಯ ವಾರಕ್ಕೆ ಅವರ ನಗು ನಿಂತಿತು. ನನ್ನ ಊಟದ ಹೊತ್ತಿಗೆ ಅತ್ತೆಗೆ ಮಾತ್ರ ಹಿತ್ತಲಲ್ಲಿ ಇಲ್ಲದ ಕೆಲಸವೆಲ್ಲ ಹುಟ್ಟಿಕೊಳ್ಳುತ್ತಿತ್ತು.

ಕೊನೆಗೂ ಆಸ್ಪತ್ರೆಗೆ ಹೋದೆವು. ರಾತ್ರಿಯಿಂದ ಉಪವಾಸ. ತೆಳುವಾದ ನಳಿಗೆಗೆ ಕಟ್ಟಿದ, ಕರುಳಿನ ಚೂರು ಕತ್ತರಿಸಿ ತರುವ, ಅಂಗಿಯ ಗುಂಡಿಯಷ್ಟು ದಪ್ಪದ ಡಬ್ಬಿಯನ್ನು ನುಂಗಿ, ಅದು ಕರುಳಿಗಿಳಿಯುವವರೆಗೆ ಮಧ್ಯಾಹ್ನದ ತನಕ ಕಾದೆ. ಕೆಲವು ದಿನಗಳ ಮೇಲೆ ಕಾಗದ ಬಂತು. ಡಾಕ್ಟರ ಅನುಮಾನ ನಿಜವಾಗಿತ್ತು.

ಗಂಡ ಗಟ್ಟಿಯಾಗಿ ಓದಿದರು. ಅತ್ತೆ ಅಕ್ಕಿ ಆರಿಸುತ್ತಿದ್ದವರು ಮೊರದಿಂದ ತಲೆ ಎತ್ತಲಿಲ್ಲ. “ಕಾಗದ ಯಾಕ ಬೇಕಿತ್ತು? ನನಗ ಮೊದಲನೇ ವಾರದಾಗ ತಿಳದಿತ್ತು.”

ನನಗೆ ಸಿಟ್ಟೇ ಬಂತು. “ಮತ್ತ ಅವಾಗ ಯಾಕ ಹೇಳಲಿಲ್ರಿ ಅತ್ತಿ?”

“ಆರು ವರ್ಷ ಸುಳ್ಳು ಅಂದಾಕಿ, ಒಂದ ವಾರದಾಗ ಖರೇ ಅಂತ ಯಾವ ಬಾಯಿಲೆ ಹೇಳ್ಲೆವಾ? ಅದಕ್ಕ ರೊಟ್ಟಿ ಮಾಡಿ ಹಾಕಿದ್ನಿ.”