ಎರಡನೆಯ ದನಿ

ಟ್ರಂಕಿನ ತಳದಲ್ಲಿ, ಹಳೆಯ ಸೀರೆಗಳ ಕೆಳಗೆ, ಒಂದು ಪುಟ್ಟ ತಗಡಿನ ಡಬ್ಬಿ ಸಿಕ್ಕಿತು. ಮುಚ್ಚಳ ಜಂಗು ಹಿಡಿದು ಕೂತಿತ್ತು. ಚಮಚದ ತುದಿಯಿಂದ ಎಬ್ಬಿಸಿದೆ. ಒಳಗೆ ಗ್ರಾಮಫೋನಿನ ಉಕ್ಕಿನ ಸೂಜಿಗಳಿದ್ದವು. ಎಣ್ಣೆಯೂ ಕಬ್ಬಿಣವೂ ಬೆರೆತ ವಾಸನೆ ಮೂಗಿಗೆ ಬಡಿಯಿತು, ಅದರ ಹಿಂದೆಯೇ ಮೌಶಿಯ ನೆನಪೂ ಬಂತು. ನಾನೇನೂ ಕರೆದಿರಲಿಲ್ಲ.

ಮದುವೆಯಾಗಿ ಇಚಲಕರಂಜಿಗೆ ಬಂದಾಗ ನನಗೆ ಹತ್ತೊಂಬತ್ತು. ಗಂಡ ಮಗ್ಗದ ಶೆಡ್ಡಿನಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದರು. ನಮ್ಮದು ಒಂದೇ ಖೋಲಿ. ಅದರ ಗೋಡೆಗೆ ಅಂಟಿಕೊಂಡು ಮೌಶಿಯ ಖೋಲಿ, ಅವಳ ಹಿಂಗೋಡೆಗೆ ಅಂಟಿಕೊಂಡು ಶೆಡ್ಡು. ಇಪ್ಪತ್ತು ವರ್ಷ ಆ ಖಟಖಟ ಕೇಳಿ ಕೇಳಿ ಅವಳ ಕಿವಿ ಮಂದವಾಗಿದ್ದವು. ಮಾತನಾಡಬೇಕಾದರೆ ಎದುರಿಗೆ ನಿಂತು ಕೂಗಬೇಕು. ಅರವತ್ತು ದಾಟಿದ ಅವಳು ಓಣಿಗೆಲ್ಲ ಮೌಶಿಯೇ, ಅಂದರೆ ಚಿಕ್ಕಮ್ಮ. ನನ್ನ ತವರು ಗಡಹಿಂಗ್ಲಜದ ಕಡೆ, ಅವಳದೂ ಅದೇ ಕಡೆ. ನನ್ನ ಮೇಲೆ ಅಧಿಕಾರ ನಡೆಸಲು ಅವಳಿಗೆ ಅಷ್ಟು ಸಾಕಾಯಿತು. ನನ್ನ ರೊಟ್ಟಿ ದಪ್ಪ, ನನ್ನ ಸೆರಗು ಉದ್ದ, ನನ್ನ ನಗು ಜೋರು... ಒಂದನ್ನೂ ಬಿಟ್ಟವಳಲ್ಲ.

ಆ ಮೌಶಿ ಒಂದು ಕಾಲಕ್ಕೆ ಹೆಸರಾದ ಹಾಡುಗಾರ್ತಿ ಎಂದು ನನಗೆ ಗೊತ್ತಾಗಲು ಆರು ತಿಂಗಳೇ ಹಿಡಿಯಿತು. ಕನ್ನಡದಲ್ಲಿ, ಮರಾಠಿಯಲ್ಲಿ ತತ್ವಪದ ಹಾಡಿದವಳು. ಅವಳು ಮಾತ್ರ ಅವನ್ನು ಜೀವದ ಪದ ಎನ್ನುತ್ತಿದ್ದಳು. ಮೂವತ್ತು ವರ್ಷ ಕೊಲ್ಲಾಪುರಕ್ಕೆ, ಮುಂಬಯಿಗೆ ಓಡಾಡಿ ಪ್ಲೇಟುಗಳಿಗೆ ಹಾಡಿದ್ದಳು. ಆ ಕರಿಯ ಪ್ಲೇಟುಗಳು ಅವಳ ಖೋಲಿಯಲ್ಲಿ ಒಂದರ ಮೇಲೊಂದು ಇದ್ದವು. ಪಕ್ಕದಲ್ಲಿ ಚಾವಿ ಕೊಟ್ಟು ತಿರುಗಿಸುವ ಗ್ರಾಮಫೋನು. ಅದನ್ನು ಮುಟ್ಟುವ ಹಕ್ಕು ಓಣಿಯಲ್ಲಿ ನನಗೊಬ್ಬಳಿಗೇ ಸಿಕ್ಕಿತು. ಅದಕ್ಕೊಂದು ನೇಮವಿತ್ತು. ಪ್ರತಿ ಪ್ಲೇಟಿಗೂ ಹೊಸ ಸೂಜಿ ಹಾಕಬೇಕು.

"ಹಾಡಿದವರಿಗೆ ಮರ್ಯಾದಿ ಅದು. ಯಾರರೆ ಉಂಡ ಗಂಗಾಳದಾಗ ಬೀಗರಿಗೆ ಬಡಸ್ತೀಯೇನವಾ?" ಎಂದು ಕೇಳಿದ್ದಳು.

ಅರವತ್ತರ ದಶಕ ಅರ್ಧ ಕಳೆದಿರಬೇಕು. ಮುಂಬಯಿಯ ಕಂಪನಿಯಿಂದ ಅವಳಿಗೊಂದು ಪತ್ರ ಬಂತು. ಮರಾಠಿಯಲ್ಲಿತ್ತು. ಓದಿ ಹೇಳಿದವಳು ನಾನೇ. ಅವಳು ಮೊದಲಿನಿಂದ ಕೊನೆಯವರೆಗೆ ಹಾಡಿದ್ದರಲ್ಲಿ ಹನ್ನೆರಡು ಪದ ಆರಿಸಿ ಒಂದೇ ದೊಡ್ಡ ಪ್ಲೇಟು ಮಾಡುತ್ತೇವೆ, ಒಪ್ಪಿಗೆ ಕಳಿಸಿ ಎಂದು ಬರೆದಿದ್ದರು. ಓಣಿಯವರಿಗೆಲ್ಲ ಹಿಗ್ಗೋ ಹಿಗ್ಗು. ಮೌಶಿ ಮಾತ್ರ ಒಂದೇ ಮಾತು ಕೇಳಿದಳು. ಅದರಲ್ಲಿ ಆ ಪದ ಐತೋ ಇಲ್ಲೋ?

ಆ ಪದ ಅಂದರೆ ತಾಯಿ ಮಗಳ ಪದ. ಜೀವ ಎಂಬ ಮಗಳು ಗಂಡನ ಮನೆಗೆ ಹೊರಟು ನಿಂತಿದ್ದಾಳೆ. ದೇಹ ಎಂಬ ತಾಯಿ ಬಾಗಿಲಲ್ಲಿ ನಿಂತು ಒಂದೊಂದೇ ಪ್ರಶ್ನೆ ಕೇಳುತ್ತಾಳೆ, ಮಗಳು ಉತ್ತರ ಕೊಡುತ್ತಾಳೆ. ಮೌಶಿ ತಾಯಿಯ ಸಾಲು ಹಾಡಿದ್ದಳು. ಮಗಳ ಸಾಲು ಹಾಡಿದವಳು ಅವಳ ತಂಗಿ. ಹದಿನೇಳರ ಹುಡುಗಿ. ಪ್ಲೇಟು ಹೊರಬರುವ ಮೊದಲೇ ಜ್ವರ ಬಂದು ಹೋಗಿಬಿಟ್ಟಳಂತೆ. ಮೌಶಿಯ ಹತ್ತಿರ ಇದ್ದ ಒಂದೇ ಒಂದು ಪ್ಲೇಟನ್ನು ಯಾರೋ ಮದುವೆಗೆ ಎರವಲು ಒಯ್ದು, ಎರಡು ಹೋಳು ಮಾಡಿ, ಟವೆಲ್ಲಿನಲ್ಲಿ ಸುತ್ತಿ ತಂದುಕೊಟ್ಟಿದ್ದರು. ಮುಂದೆ ಕರೆಂಟಿನ ಮೈಕು ಬಂದ ಕಾಲಕ್ಕೆ ಕಂಪನಿಯವರು ಅದೇ ಪದವನ್ನು ಅವಳೊಬ್ಬಳಿಂದಲೇ ಮತ್ತೊಮ್ಮೆ ಹಾಡಿಸಿದ್ದರು. ಅದನ್ನು ಅವಳು ಮನೆಯೊಳಗೆ ಇಟ್ಟುಕೊಳ್ಳಲೇ ಇಲ್ಲ.

"ಅಕೀದು ಒಂದು ಫೋಟೋ ಸೈತ ಇಲ್ಲವಾ ನನ್ನ ಕಡೆ. ಅಕಿ ಅಂದ್ರ ಆ ದನಿ ಅಷ್ಟ. ಒಂದ ಸಲ ಕೇಳಿ ಕಣ್ಣ ಮುಚ್ಚತೇನಿ," ಎಂದಳು.

ನಾನು ಕಾರ್ಡು ಬರೆದೆ. ತಂಗಿಯ ಜೊತೆ ಹಾಡಿದ್ದನ್ನೇ ಹಾಕಿ ಎಂದು ಎರಡೆರಡು ಸಲ ಬರೆದೆ. ಆ ಪದ ಇರುತ್ತದೆ, ಎರಡನೆಯ ಬದಿಯಲ್ಲಿ ಮೊದಲನೆಯದೇ ಅದು ಎಂದು ಉತ್ತರ ಬಂತು. ಅಂದಿನಿಂದ ಮೌಶಿ ನನ್ನ ರೊಟ್ಟಿಯ ತಂಟೆಗೆ ಬರಲಿಲ್ಲ.

ಪ್ಲೇಟು ಅಂಚೆಯಲ್ಲಿ ಬಂದದ್ದು ಒಂದು ಮಧ್ಯಾಹ್ನ. ನಮ್ಮ ಪ್ಲೇಟುಗಳಿಗಿಂತ ದೊಡ್ಡದು, ಆದರೆ ಹಗುರ, ಹಿಡಿದರೆ ಬಾಗುತ್ತಿತ್ತು. ಮೇಲಿನ ರಟ್ಟಿನ ಮೇಲೆ ಮೌಶಿಯ ಹರೆಯದ ಕಾಲದ ಫೋಟೋ. ಅವಳು ಅದನ್ನು ನೋಡಲೇ ಇಲ್ಲ. "ಹಚ್ಚವಾ," ಎಂದಳು. ನಾನು ಎರಡನೆಯ ಬದಿ ಮೇಲೆ ಮಾಡಿ ಇಟ್ಟು ಪೂರ್ತಿ ಚಾವಿ ಕೊಟ್ಟೆ. ಡಬ್ಬಿಯಲ್ಲಿದ್ದುದರಲ್ಲೇ ಚೂಪಾದ ಹೊಸ ಸೂಜಿ ಆರಿಸಿ ಸಿಕ್ಕಿಸಿದೆ. ಅಷ್ಟು ಕಾಳಜಿಯಿಂದ ನಾನು ಯಾವತ್ತೂ ಸೂಜಿ ಆರಿಸಿದವಳಲ್ಲ.

ಗರಗರ ಸದ್ದಾಯಿತು. ಅದರೊಳಗಿಂದ ಒಂದು ದನಿ ಬಂತು. ಬಲು ಸಣ್ಣ ದನಿ, ಬಲು ಅವಸರದ್ದು. ಒಂದು ಶಬ್ದವೂ ನನಗೆ ತಿಳಿಯಲಿಲ್ಲ. ಹೊಸ ಪ್ಲೇಟು ಹೀಗೇ ಇರುತ್ತದೇನೋ ಅಂದುಕೊಂಡೆ. ಮೌಶಿ ಗ್ರಾಮಫೋನಿನ ಬಾಯಿಗೆ ಕಿವಿ ಆನಿಸಿ ಕೂತಿದ್ದಳು. ಇದ್ದಕ್ಕಿದ್ದಂತೆ ನನ್ನ ಮುಂಗೈ ಹಿಡಿದಳು.

"ಅಕೀನ! ಕೇಳವಾ, ಅಕೀನ ಅದಾಳ! ಹಿಂಗ ಸಣ್ಣ ದನಿ ಇತ್ತು ಅಕೀದು!"

"ಕೇಳಸ್ತದೇನ್ರಿ ಮೌಶಿ?" ಎಂದು ಕೂಗಿದೆ. ಅವಳು ಕಿವಿಯನ್ನು ಇನ್ನಷ್ಟು ಒತ್ತಿ ಆನಿಸಿದಳು. ಗಲ್ಲ ಒದ್ದೆಯಾಗಿತ್ತು. ಸ್ವಲ್ಪ ಹೊತ್ತಿಗೆ ಸೂಜಿ ಹಾರಿ ಪ್ಲೇಟಿನ ಉದ್ದಕ್ಕೂ ಕರ್ರನೆ ಗೀರಿಕೊಂಡು ನಡುವಿಗೆ ಬಂದು ನಿಂತಿತು. "ಇರಲಿ ಬಿಡು, ಸಾಕು. ಬಂದು ಹೋದ್ಲು," ಎಂದಳು.

ಮುಂದಿನ ವಾರ ಗಂಡ ಕೊಲ್ಲಾಪುರಕ್ಕೆ ಹೋದಾಗ ಒಂದು ರೇಡಿಯೋ ಅಂಗಡಿಯಲ್ಲಿ ಈ ಸಂಗತಿ ಹೇಳಿದರಂತೆ. ಬಂದವರೇ ಚಪ್ಪಲಿ ಬಿಡುವ ಮೊದಲೇ ಸುರು ಮಾಡಿದರು. "ಅಂಗಡ್ಯಾಂವ ಹಣಿ ಬಡಕೊಂಡ. ಅದು ಸಾವಕಾಶ ತಿರಗೂ ಪ್ಲೇಟಂತ, ಅದಕ್ಕ ಕರೆಂಟಿನ ಮಶೀನ ಬೇಕಂತ. ನಮ್ಮದರಾಗ ಎರಡಪಟ್ಟ ಜೋರ ತಿರಗತೈತಿ. ಮ್ಯಾಲ ಈ ಉಕ್ಕಿನ ಸೂಜಿ ಹಾಕಿದ್ರ ಆ ಪ್ಲೇಟ್ ಮುಗೀತಂತ." ಬೇರೆ ಪ್ಲೇಟು ಕೇಳಿದರೆ ತರಿಸಬೇಕು, ಬಂದರೆ ಬಂತು ಎಂದನಂತೆ. ಅದು ಬರಲಿಲ್ಲ.

ನಾನು ಮೌಶಿಗೆ ಏನೂ ಹೇಳಲಿಲ್ಲ. ಹೇಳಬೇಕೆಂದು ಎರಡು ಸಲ ಅವಳ ಖೋಲಿಗೆ ಹೋದೆ. ಎದುರಿಗೆ ನಿಂತು ಕೂಗಬೇಕಲ್ಲ... ಅಂಥ ಮಾತನ್ನು ಕೂಗಿ ಹೇಳುವುದು ಹೇಗೆ? ಅವಳೂ ಮತ್ತೆ ಪ್ಲೇಟು ಹಚ್ಚು ಎನ್ನಲಿಲ್ಲ. ಮಳೆಗಾಲ ಮುಗಿದ ಮೇಲೆ ಅವಳ ತಮ್ಮನ ಮಗ ಬಂದು ಅವಳನ್ನು ಗಡಹಿಂಗ್ಲಜಕ್ಕೆ ಕರೆದೊಯ್ದ. ಸೂಜಿಯ ಡಬ್ಬಿ ನನ್ನಲ್ಲೇ ಉಳಿಯಿತು. ಅವಳು ದೀಪಾವಳಿ ದಾಟಲಿಲ್ಲ. ಸುದ್ದಿ ಬಂದಾಗ ನಾನು ಹಿಟ್ಟು ನಾದುತ್ತಿದ್ದೆ. ನಾದುವುದನ್ನು ಮುಗಿಸಿದೆ, ರೊಟ್ಟಿ ಬಡಿದೆ, ಗಂಡನ ಬುತ್ತಿ ಕಟ್ಟಿದೆ. ಅಳು ಬರಲಿಲ್ಲ. ಅವಳ ತಂಗಿಯನ್ನು ನನ್ನ ಕೈಯಾರೆ ಗೀರಿ ಹಾಕಿದೆ ಎಂಬುದೊಂದೇ ತಲೆಯಲ್ಲಿತ್ತು. ಅದೂ ಬರಬರುತ್ತ ಮರಗಟ್ಟಿತು. ಮಕ್ಕಳಾದವು, ಗಂಡ ಹೋದರು, ಮಗ್ಗದ ಸದ್ದಿಗೆ ನನ್ನ ಕಿವಿಯೂ ಮಂದವಾಗುತ್ತ ಬಂತು.

ಈಗ ಕೊಲ್ಲಾಪುರದಲ್ಲಿ ಮಗಳ ಮನೆಯಲ್ಲಿದ್ದೇನೆ. ಕೆಳಗಿನ ಮನೆಯಲ್ಲಿ ಹಳೆಯ ಪ್ಲೇಟು ಕೂಡಿಸುವ ನಿವೃತ್ತ ಮಾಸ್ತರರೊಬ್ಬರಿದ್ದಾರೆ. ಡಬ್ಬಿ ಸಿಕ್ಕ ಮೇಲೆ, ಮೊನ್ನೆ, ಅವರ ಹತ್ತಿರ ಮೌಶಿಯ ಪ್ಲೇಟಿನ ಮಾತು ತೆಗೆದೆ. ಅವರು ಕಪಾಟಿನಿಂದ ಅದೇ ಫೋಟೋದ ರಟ್ಟು ಎಳೆದು ತಂದರು. ಒಂದು ಗೀರೂ ಇರಲಿಲ್ಲ. ಎರಡನೆಯ ಬದಿ ಹಚ್ಚಿರಿ ಎಂದೆ. ಕಿವಿಯ ಯಂತ್ರ ಸರಿಮಾಡಿಕೊಂಡು ಕೂತೆ.

ತಾಯಿಯ ಸಾಲು ಬಂತು. ತುಂಬಿದ, ಗಂಭೀರವಾದ ದನಿ. ಮೌಶಿಯದೇ. ಆಮೇಲೆ ಮಗಳ ಸಾಲಿಗೆ ಕಾದೆ. ಅದೂ ಬಂತು. ದನಿಯನ್ನು ತುಸು ತೆಳ್ಳಗೆ ಮಾಡಿಕೊಂಡಿದ್ದಳು, ಅಷ್ಟೇ. ಅದೂ ಮೌಶಿಯದೇ. ಕಂಪನಿಯವರು ಹಾಕಿದ್ದು ಮೈಕು ಬಂದ ಮೇಲೆ ಅವಳೊಬ್ಬಳೇ ಹಾಡಿದ್ದನ್ನು. ತಂಗಿ ಆ ಪ್ಲೇಟಿನಲ್ಲಿ ಯಾವತ್ತೂ ಇರಲೇ ಇಲ್ಲ. ಅಂದು ನನ್ನ ಮುಂಗೈ ಹಿಡಿದು ಮೌಶಿ ಕೇಳಿದ್ದು, ಜೋರಾಗಿ ತಿರುಗಿ ಸಣ್ಣದಾಗಿದ್ದ ತನ್ನದೇ ದನಿಯನ್ನು.

"ಇನ್ನೊಮ್ಮೆ ಹಚ್ಚಲೇನ್ರಿ?" ಎಂದು ಮಾಸ್ತರರು ಕೇಳಿದರು.

"ಬ್ಯಾಡ್ರಿ," ಎಂದೆ. ಇದೇ ಪದದ ಇದಕ್ಕೂ ಹಳೆಯ ಪ್ಲೇಟು ಎಲ್ಲಾದರೂ ಇದೆಯೇ ಎಂದು ಕೇಳಿದೆ, ಕಂಪನಿಯಲ್ಲೂ ಉಳಿದಿಲ್ಲ, ಎಲ್ಲಿಯೂ ಇಲ್ಲ ಎಂದರು. ಮೇಲೆ ಬಂದು ಕೂತೆ. ಮಗಳು ಚಹಾ ತಂದಿಟ್ಟಳು. ಇಷ್ಟು ವರ್ಷದ ನನ್ನ ತಪ್ಪು ಇಳಿದುಹೋಗಿತ್ತು, ಹಗುರವೆನಿಸಬೇಕಿತ್ತು, ಎನಿಸಲಿಲ್ಲ. ಆ ಹುಡುಗಿಯ ದನಿ ಇನ್ನು ಈ ಲೋಕದಲ್ಲಿ ಎಲ್ಲಿಯೂ ಇಲ್ಲ ಎಂಬುದು ಈಗ ನನಗೊಬ್ಬಳಿಗೆ ಗೊತ್ತು. ಮೌಶಿಗೆ ಅದು ಗೊತ್ತಾಗಲಿಲ್ಲ.